ಹಂಪಿಲಿ ಎಲ್ಲಿ ಉಳ್ಕೊಳ್ಳೋದು? ಹೊಸಪೇಟೆ ಲಾಡ್ಜಿಂದ ಹಿಡಿದು ಆನೆಗುಂದಿ ಹೋಮ್‌ಸ್ಟೇವರೆಗೆ

ಹಂಪಿಗೆ ಹೋಗ್ತಿದೀವಿ, ಒಳ್ಳೆ ರೂಮ್ ಯಾವ್ದಿದೆ ಹೇಳಿ ಅಂತ ಕೇಳೋರು ತುಂಬಾ ಜನ, ಅದಕ್ಕೆ ಒಂದೇ ಹೆಸ್ರು ಹೇಳಿ ಮುಗ್ಸೋಕೆ ಆಗಲ್ಲ. ಅಲ್ಲಿ ಉಳ್ಕೊಳ್ಳೋ ಜಾಗಗಳು ನಾಲ್ಕು ಕಡೆ ಚದುರಿಹೋಗಿವೆ, ಹೊಸಪೇಟೆ ಟೌನಿನ ಲಾಡ್ಜುಗಳು, ವಿರೂಪಾಕ್ಷ ದೇವಸ್ಥಾನದ ಪಕ್ಕದ ಗೆಸ್ಟ್‌ಹೌಸುಗಳು, ಕಮಲಾಪುರದ ಸರ್ಕಾರಿ ಹೋಟೆಲ್ಲು ಮತ್ತೆ ರೆಸಾರ್ಟುಗಳು, ಆಮೇಲೆ ತುಂಗಭದ್ರೆ ದಾಟಿದ್ರೆ ಆನೆಗುಂದಿ ಸಾಣಾಪುರದ ಹೋಮ್‌ಸ್ಟೇಗಳು. ಬುಕಿಂಗ್ ಆಪಲ್ಲಿ ಹಂಪಿ ಅಂತ ಹೊಡೆದ್ರೆ ಇವೆಲ್ಲಾ ಒಂದೇ ಲಿಸ್ಟಲ್ಲಿ ಬರತ್ತೆ, ಎಲ್ಲದಕ್ಕೂ ಅದೇ ಬಿಳಿ ಬೆಡ್‌ಶೀಟ್ ಫೋಟೋ, ನಾಲ್ಕು ಸ್ಟಾರು, ಫ್ರೀ ವೈಫೈ. ನಿಜ ನೋಡಿದ್ರೆ ಒಂದೊಂದೂ ಬೇರೆಬೇರೆ ವ್ಯವಸ್ಥೆ, ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಲೆಕ್ಕ, ಬೇರೆ ಥರದ ಜನ. ಅಪ್ಪ ಅಮ್ಮನ ಜೊತೆ, ಫ್ರೆಂಡ್ಸ್ ಜೊತೆ, ಒಬ್ಬನೇ ಹೀಗೆ ಬೇರೆಬೇರೆ ವರ್ಷಗಳಲ್ಲಿ ಹೋದಾಗ ಬಹುತೇಕ ಎಲ್ಲಾ ಥರದಲ್ಲೂ ಉಳ್ಕೊಂಡು ನೋಡಿದೀನಿ, ಅದನ್ನೇ ಬರೀತಿದೀನಿ.

ಯಾವ ರೂಮಿಗಾದ್ರೂ ನಾನು ಕೇಳೋದು ಎರಡೇ ಪ್ರಶ್ನೆ. ಬೆಳಗ್ಗೆ ಐದೂವರೆಗೆ ಇಲ್ಲಿಂದ ಹೊರಟ್ರೆ ಸೂರ್ಯ ಹುಟ್ಟೋದ್ರೊಳಗೆ ಮಾತಂಗ ಬೆಟ್ಟದ ಮೇಲೆ ಇರ್ತೀನಾ? ರಾತ್ರಿ ಹತ್ತು ಗಂಟೆಗೆ ಏನೋ ತೊಂದ್ರೆ ಆಯ್ತು ಅಂತ ಬಾಗಿಲು ತಟ್ಟಿದ್ರೆ ಎದ್ದು ಬರೋರು ಯಾರು? ಮೊದಲನೇ ಪ್ರಶ್ನೆ ಯಾಕೆ ಅಂದ್ರೆ ಹಂಪಿಲಿ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಬಂಡೆ ಕಾದು ಕೆಂಡ ಆಗಿರತ್ತೆ, ಏಪ್ರಿಲ್ ಮೇ ಅಲ್ಲಂತೂ 40 ಡಿಗ್ರಿ ದಾಟತ್ತೆ, ಡಿಸೆಂಬರಲ್ಲೂ ಮಧ್ಯಾಹ್ನದ ಬಿಸಿಲಲ್ಲಿ ವಯಸ್ಸಾದೋರನ್ನ ನಡೆಸ್ಕೊಂಡು ಹೋಗೋದು ತಪ್ಪು. ಹಂಪಿ ಹಂಪಿ ಥರ ಕಾಣೋದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಆ ನಾಲ್ಕು ಗಂಟೆ ನಿಮ್ಮ ಕೈಗೆ ಸಿಗತ್ತೋ ಇಲ್ವೋ ಅನ್ನೋದನ್ನ ಡಿಸೈಡ್ ಮಾಡೋದು ನೀವೆಲ್ಲಿ ಮಲಗಿದ್ರಿ ಅನ್ನೋದೇ.

ಹೊಸಪೇಟೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಬೆಂಗಳೂರು ಮೈಸೂರು ಕಡೆಯಿಂದ ಬರೋ ಬಹಳಷ್ಟು ಜನ ಇಳಿಯೋದು ಇಲ್ಲೇ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಹೊಸಪೇಟೆ. ಆ ಹೊತ್ತಿಗೆ ಸ್ಟೇಷನ್ನಿಂದ ಬ್ಯಾಗ್ ಎಳ್ಕೊಂಡು ಬಂದೋರಿಗೆ ಟೌನ್ ಲಾಡ್ಜಿನ ಒಂದು ದೊಡ್ಡ ಅನುಕೂಲ ಇದೆ, ಅದೇ 24 ಗಂಟೆ ಚೆಕ್‌ಔಟ್. ಹಳೇ ಲಾಡ್ಜುಗಳಲ್ಲಿ ಈ ಪದ್ಧತಿ ಇನ್ನೂ ಉಳ್ಕೊಂಡಿದೆ, ಬೆಳಗ್ಗೆ ಏಳಕ್ಕೆ ರೂಮ್ ಹಿಡಿದ್ರೆ ಮಾರನೇ ದಿನ ಏಳರವರೆಗೆ ನಿಮ್ದೇ. ಹೊಸ ಹೋಟೆಲ್ಲುಗಳು, ರೆಸಾರ್ಟು, ಆಪಲ್ಲಿ ಬುಕ್ ಆಗೋವೆಲ್ಲಾ ಮಧ್ಯಾಹ್ನ 12 ಅಥವಾ 1 ಗಂಟೆಗೆ ಚೆಕ್‌ಇನ್, ಮಾರನೇ ದಿನ 10 ಇಲ್ಲಾ 11ಕ್ಕೆ ಚೆಕ್‌ಔಟ್ ಅಂತ ಇಟ್ಕೊಂಡಿರ್ತಾರೆ, ಅಂದ್ರೆ ನೀವು ಪೂರ್ತಿ ದಿನದ ದುಡ್ಡು ಕೊಟ್ಟು ಇಪ್ಪತ್ತೆರಡು ಗಂಟೆ ಉಳ್ಕೊಳ್ತೀರ, ರೈಲಿಂದ ಇಳಿದ ಮೇಲೆ ಐದು ಗಂಟೆ ಹೊರಗಡೆ ಕೂತಿರ್ಬೇಕು ಇಲ್ಲಾ ಅರ್ಲಿ ಚೆಕ್‌ಇನ್ ಅಂತ ಇನ್ನೂ ಕೊಡ್ಬೇಕು. ರೈಲಲ್ಲಿ ಬರೋರು ಫೋನ್ ಮಾಡಿದಾಗ ಮೊದ್ಲು ಇದನ್ನೇ ಕೇಳಿ, ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿ.

ಲಾಡ್ಜಲ್ಲಿ ಇನ್ನೊಂದು ಒಳ್ಳೇದು, ರಿಸೆಪ್ಷನಲ್ಲಿ ರಾತ್ರಿಯೆಲ್ಲಾ ಒಬ್ರು ಇರ್ತಾರೆ, ಹುಷಾರಿಲ್ಲ ಅಂದ್ರೆ ಮೆಡಿಕಲ್ ಶಾಪು ಆಸ್ಪತ್ರೆ ಆಟೋ ಎಲ್ಲಾ ಹತ್ರ. ಬೆಳಗ್ಗೆ ಕೆಳಗಿಳಿದ್ರೆ ಒಗ್ಗರಣೆ ಮಿರ್ಚಿ ಸಿಗತ್ತೆ, ಅದನ್ನ ತಿನ್ನದೇ ಹೊಸಪೇಟೆ ಬಿಡಬಾರ್ದು. ಬಿಸಿನೀರು ಮಾತ್ರ ಬಹಳ ಕಡೆ ಬೆಳಗ್ಗೆ ಇಷ್ಟರಿಂದ ಇಷ್ಟರವರೆಗೆ ಅಂತ ಟೈಮ್ ಇರತ್ತೆ, ರೋಡ್ ಕಡೆ ರೂಮ್ ಕೊಟ್ರೆ ಅದಿರಿನ ಲಾರಿ ಬಸ್ಸುಗಳ ಹಾರ್ನು ರಾತ್ರಿಯಿಡೀ ಕೇಳತ್ತೆ, ಹಿಂದಿನ ಕಡೆ ರೂಮ್ ಕೊಡಿ ಅಂತ ಕೇಳಿ ತಗೊಳ್ಳಿ. ಹಂಪಿ ಇಲ್ಲಿಂದ ಸುಮಾರು 13 ಕಿಲೋಮೀಟರು, ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ದಿನವಿಡೀ ಓಡಾಡ್ತಾವೆ, ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಆದ್ರೆ ನನ್ನ ಮೊದಲನೇ ಪ್ರಶ್ನೇಲಿ ಹೊಸಪೇಟೆ ಸೋಲತ್ತೆ. ಐದೂವರೆಗೆ ಹೊರಡ್ಬೇಕಂದ್ರೆ ಸ್ವಂತ ಗಾಡಿ ಬೇಕು ಇಲ್ಲಾ ಹಿಂದಿನ ರಾತ್ರಿನೇ ಆಟೋದವ್ರಿಗೆ ಹೇಳಿಟ್ಟಿರ್ಬೇಕು, ಸಂಜೆ ಹೇಮಕೂಟ ಬೆಟ್ಟದ ಮೇಲೆ ಕೂತಿದ್ರೂ ವಾಪಸ್ ಹೋಗೋ ಬಸ್ಸಿನ ಯೋಚನೆನೇ ಇರತ್ತೆ. ಒಂದೇ ದಿನಕ್ಕೆ ಬಂದು ರಾತ್ರಿ ರೈಲು ಹತ್ತೋರಿಗೆ, ಮಂತ್ರಾಲಯಕ್ಕೋ ಬಾದಾಮಿಗೋ ಹೋಗೋ ದಾರೀಲಿ ನಿಲ್ಲೋರಿಗೆ ಲಾಡ್ಜು ಸರಿ, ಹಂಪಿ ನೋಡೋಕೇ ಅಂತ ಬಂದೋರಿಗೆ ಅಲ್ಲ.

ಇಲ್ಲೇ ಒಂದು ಎಚ್ಚರಿಕೆ. ಹೆಸರಲ್ಲಿ ಹಂಪಿ ಅಂತ ಇರೋದೆಲ್ಲಾ ಹಂಪಿಲಿ ಇಲ್ಲ. ಹಯಾತ್ ಪ್ಲೇಸ್ ಹಂಪಿ ಇರೋದು ತೋರಣಗಲ್ಲಲ್ಲಿ, ಜಿಂದಾಲ್ ಟೌನ್‌ಶಿಪ್ ಕಡೆ, ಹಂಪಿಯಿಂದ ಮೂವತ್ತು ಕಿಲೋಮೀಟರಿಗಿಂತ ದೂರ. ಫ್ಯಾಕ್ಟರಿ ಕೆಲಸದ ಮೇಲೆ ಬಂದೋರಿಗೆ ಹೇಳಿ ಮಾಡಿಸಿದ ಜಾಗ, ವಿರೂಪಾಕ್ಷನ ಗೋಪುರ ಕಿಟಕಿಯಿಂದ ಕಾಣತ್ತೆ ಅನ್ಕೊಂಡು ಬುಕ್ ಮಾಡಿದ್ರೆ ಬೇಜಾರಾಗತ್ತೆ. ಯಾವ ಹೋಟೆಲ್ಲೇ ಆಗ್ಲಿ ಮ್ಯಾಪಲ್ಲಿ ವಿರೂಪಾಕ್ಷ ದೇವಸ್ಥಾನದಿಂದ ರಸ್ತೆ ಮೇಲೆ ಎಷ್ಟು ದೂರ ಅಂತ ಹಾಕಿ ನೋಡಿ, ನೇರ ಗೆರೆ ಎಳೆದು ನೋಡಿದ್ರೆ ಪ್ರಯೋಜನ ಇಲ್ಲ, ಮಧ್ಯ ಹೊಳೆ ಇದೆ.

ಈಗ ಹಂಪಿ ಊರೊಳಗಿನ ಗೆಸ್ಟ್‌ಹೌಸುಗಳು. ದೇವಸ್ಥಾನದ ಪಕ್ಕದಲ್ಲಿ ಹೊಳೆ ಕಡೆ ಹೋಗೋ ಓಣಿಗಳಿದಾವಲ್ಲ, ಜನತಾ ಪ್ಲಾಟ್ ಅಂತಾರೆ, ಅಲ್ಲಿ ಮನೆ ಮೇಲೆ ಮನೆ ಕಟ್ಟಿ ಮೂರು ರೂಮು ಆರು ರೂಮು ಅಂತ ಬಾಡಿಗೆಗೆ ಕೊಡ್ತಾರೆ. ನನಗೆ ವೈಯಕ್ತಿಕವಾಗಿ ಅತಿ ಇಷ್ಟ ಆಗೋದು ಇವೇ. ರೂಮು ಚಿಕ್ಕದು, ಮಂಚ, ಸೊಳ್ಳೆಪರದೆ, ಫ್ಯಾನು, ಒಂದು ಸಣ್ಣ ಬಾತ್‌ರೂಮು, ಏಸಿ ಇದ್ರೆ ಇತ್ತು ಇಲ್ಲಾಂದ್ರೆ ಇಲ್ಲ. ಸೀಸನ್ ಅಲ್ಲದಾಗ ಸಾವಿರದ ಆಸುಪಾಸಿಗೆ ಸಿಗೋ ರೂಮು ಡಿಸೆಂಬರ್ ಕೊನೇ ವಾರ ಎರಡು ಪಟ್ಟು ಮೂರು ಪಟ್ಟು ಆಗತ್ತೆ. ಆದ್ರೆ ಬೆಳಗ್ಗೆ ಬಾಗಿಲು ತೆಗೆದ್ರೆ ನೀವು ಹಂಪಿ ಒಳಗೇ ಇದೀರ, ಚಪ್ಪಲಿ ಹಾಕ್ಕೊಂಡು ಹತ್ತು ನಿಮಿಷ ನಡೆದ್ರೆ ಹೊಳೆ, ಅಲ್ಲಿ ದೇವಸ್ಥಾನದ ಆನೆ ಲಕ್ಷ್ಮಿಗೆ ಸ್ನಾನ ಮಾಡ್ಸೋದು ನೋಡಬಹುದು, ಬಜಾರಿನ ಉದ್ದಕ್ಕೂ ನಡ್ಕೊಂಡು ಹೋದ್ರೆ ಕೊನೇಲಿ ಏಕಶಿಲಾ ನಂದಿ, ಅಲ್ಲಿಂದ ಮಾತಂಗ ಬೆಟ್ಟದ ಮೆಟ್ಟಿಲು. ಟೂರಿಸ್ಟ್ ಬಸ್ಸುಗಳು ಬರೋ ಹೊತ್ತಿಗೆ ನೀವು ಅರ್ಧ ಹಂಪಿ ನೋಡಿ ಬಂದು ತಿಂಡಿ ತಿಂತಿರ್ತೀರ. ಕತ್ತಲಲ್ಲಿ ಮಾತಂಗ ಹತ್ತೋದಾದ್ರೆ ಒಬ್ರೇ ಹೋಗ್ಬೇಡಿ, ನಾಲ್ಕು ಜನ ಸೇರಿ ಟಾರ್ಚ್ ತಗೊಂಡು ಹೋಗಿ, ಗೆಸ್ಟ್‌ಹೌಸಿನೋರಿಗೆ ಹೇಳಿದ್ರೆ ಯಾರಾದ್ರೂ ಪರಿಚಯದೋರನ್ನ ಜೊತೆ ಮಾಡ್ತಾರೆ.

ಈ ಜನರ ಬಗ್ಗೆ ಒಂದು ಮಾತು ಹೇಳ್ಲೇಬೇಕು. 2011ರ ಜುಲೈವರೆಗೆ ವಿರೂಪಾಕ್ಷ ಬಜಾರಿನ ಕಲ್ಲಿನ ಮಂಟಪಗಳಲ್ಲೇ ಅಂಗಡಿ, ಹೋಟೆಲ್ಲು, ಮನೆ ಎಲ್ಲಾ ಇತ್ತು, ತಲೆಮಾರುಗಳಿಂದ ಯಾತ್ರಿಕರಿಗೆ ಅನ್ನ ನೀರು ಕೊಟ್ಕೊಂಡು ಬಂದಿದ್ದ ಕುಟುಂಬಗಳಿದ್ವು, ಸ್ಮಾರಕ ಉಳಿಸ್ಬೇಕು ಅಂತ ಅವನ್ನೆಲ್ಲಾ ತೆರವು ಮಾಡಿದ್ರು. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ, 1999ರಿಂದ 2006ರವರೆಗೆ ಅಪಾಯದಲ್ಲಿರೋ ತಾಣಗಳ ಪಟ್ಟೀಲೂ ಇತ್ತು, ಹಾಗಾಗಿ ಬಿಗಿ ಬೇಕು ಅನ್ನೋದು ನನಗೂ ಅರ್ಥ ಆಗತ್ತೆ, ಮಂಟಪದ ಕಂಬಕ್ಕೆ ಸಿಮೆಂಟ್ ಮೆತ್ತೋದು ಯಾರೂ ಒಪ್ಪೋ ವಿಷಯ ಅಲ್ಲ. ಆದ್ರೆ ಊರಿನ ಜನ ಇಲ್ಲದ ಹಂಪಿ ರಾತ್ರಿ ಎಂಟಾದ್ರೆ ಬರೀ ಕಲ್ಲು. ಅಳಿದುಳಿದ ಈ ಓಣಿಗಳಲ್ಲಿ ಗೆಸ್ಟ್‌ಹೌಸ್ ಇಟ್ಕೊಂಡಿರೋರು ಕೆಳಗಡೆ ಮನೆ, ಮೇಲೆ ರೂಮು ಅಂತ ಅಲ್ಲೇ ವಾಸ ಇರ್ತಾರೆ, ನನ್ನ ಎರಡನೇ ಪ್ರಶ್ನೆಗೆ ಅಲ್ಲೇ ಉತ್ರ ಇದೆ, ಬಾಗಿಲು ತಟ್ಟಿದ್ರೆ ಮಾಲೀಕರೇ ಬರ್ತಾರೆ. ಒಂದ್ಸಲ ನನ್ನ ಜೊತೆ ಬಂದಿದ್ದ ಗೆಳೆಯನಿಗೆ ಬಿಸಿಲು ಬಡಿದು ರಾತ್ರಿ ವಾಂತಿ ಶುರುವಾದಾಗ ಮನೆ ಯಜಮಾನ್ತಿ ಮಜ್ಜಿಗೆ ಮಾಡ್ಕೊಟ್ಟು, ಮಗನನ್ನ ಎಬ್ಸಿ ಬೈಕಲ್ಲಿ ಕಮಲಾಪುರಕ್ಕೆ ಕಳ್ಸಿ ಓಆರ್‌ಎಸ್ ತರ್ಸಿದ್ರು, ಬೆಳಗ್ಗೆ ಬಿಲ್ಲಲ್ಲಿ ಅದರ ದುಡ್ಡು ಕೂಡ ಹಾಕಿರ್ಲಿಲ್ಲ.

ಕಷ್ಟಗಳೂ ಇದಾವೆ, ಮುಚ್ಚಿಡಲ್ಲ. ಕಾರು ಬಾಗಿಲವರೆಗೆ ಬರಲ್ಲ, ಪಾರ್ಕಿಂಗಲ್ಲಿ ಬಿಟ್ಟು ಲಗೇಜ್ ಹೊತ್ಕೊಂಡು ಓಣಿಲಿ ನಡೀಬೇಕು. ಮೆಟ್ಟಿಲು ಕಡಿದಾಗಿರತ್ತೆ, ಮಂಡಿ ನೋವಿರೋ ಅಮ್ಮಂದಿರಿಗೆ ಕಷ್ಟ. ಕೋತಿಗಳು ಕಿಟಕಿ ತೆಗೆದಿದ್ರೆ ಒಳಗೇ ಬರ್ತಾವೆ, ಮಹಡಿ ಮೇಲೆ ಬಟ್ಟೆ ಒಣಗ್ಹಾಕಿ ಹೋದ್ರೆ ವಾಪಸ್ ಬರೋಷ್ಟ್ರಲ್ಲಿ ಇರಲ್ಲ. ಕರೆಂಟ್ ಹೋದ್ರೆ ಎಲ್ಲಾ ಕಡೆ ಜನರೇಟರ್ ಇರಲ್ಲ, ಒಂದು ಗೆಸ್ಟ್‌ಹೌಸಲ್ಲಿ ಕರೆಂಟ್ ಜೊತೆ ನೀರೂ ನಿಂತು ಬಕೆಟ್ಟಲ್ಲಿ ತಂದ್ಕೊಡೋವರೆಗೆ ಕಾಯ್ಬೇಕಾಯ್ತು. ದೇವಸ್ಥಾನದ ಪಕ್ಕ ಆಗಿರೋದ್ರಿಂದ ಊಟ ಎಲ್ಲಾ ವೆಜ್ಜೇ, ಡ್ರಿಂಕ್ಸ್ ಇಲ್ಲ, ಅದು ಬೇಕು ಅನ್ನೋರು ಇಲ್ಲಿ ಬಂದು ಜಗಳ ಮಾಡೋ ಬದ್ಲು ಹೊಸಪೇಟೆಲೇ ಉಳ್ಕೊಳ್ಳೋದು ಎಲ್ರಿಗೂ ಒಳ್ಳೇದು.

ಅಪ್ಪ ಅಮ್ಮ ಅಜ್ಜಿ ಮಕ್ಕಳು ಅಂತ ಎರಡು ಕಾರು ತುಂಬ್ಕೊಂಡು ಹೋಗೋರಿಗೆ ನಾನು ಕಣ್ಮುಚ್ಕೊಂಡು ಹೇಳೋದು ಕಮಲಾಪುರದ ಮಯೂರ ಭುವನೇಶ್ವರಿ. ಇದು ಕೆಎಸ್‌ಟಿಡಿಸಿ ಅಂದ್ರೆ 1971ರಲ್ಲಿ ಶುರುವಾದ ನಮ್ಮ ರಾಜ್ಯ ಪ್ರವಾಸೋದ್ಯಮ ನಿಗಮದ ಹೋಟೆಲ್ಲು. ಬಾದಾಮಿಲಿ ಮಯೂರ ಚಾಲುಕ್ಯ, ಬೇಲೂರಲ್ಲಿ ಮಯೂರ ವೇಲಾಪುರಿ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ, ಜೋಗದಲ್ಲಿ ಮಯೂರ ಗೇರುಸೊಪ್ಪ ಅಂತ ಇದೇ ಮನೆತನದ ಹೋಟೆಲ್ಲುಗಳು ಊರೂರಲ್ಲಿ ಇದಾವೆ, ಇವುಗಳ ದೊಡ್ಡ ಆಸ್ತಿ ಜಾಗ, ಖಾಸಗಿಯವರಿಗೆ ಈಗ ಎಷ್ಟು ಕೋಟಿ ಕೊಟ್ರೂ ಸಿಗದಂಥ ಜಾಗದಲ್ಲಿ ಸರ್ಕಾರ ಆಗ್ಲೇ ಕಟ್ಕೊಂಡು ಕೂತಿದೆ. ಕಮಲಾಪುರದ್ದೂ ಹಾಗೇ, ಹಂಪಿಗೆ ನಾಲ್ಕೈದು ಕಿಲೋಮೀಟರು, ಕಮಲ ಮಹಲು ಆನೆ ಲಾಯ ಇನ್ನೂ ಹತ್ರ, ಗಾಡಿ ನಿಲ್ಸೋಕೆ ಜಾಗ ಇದೆ, ಮಕ್ಕಳು ಓಡಾಡೋಕೆ ಅಂಗಳ ಇದೆ, ಮರ ಇದೆ. ಅದೇ ಊರಲ್ಲಿ ಪುರಾತತ್ವ ಇಲಾಖೆ ಮ್ಯೂಸಿಯಂ ಇದೆ, ಒಳಗೆ ಇಡೀ ಹಂಪಿಯ ಮಾದರಿ ಮಾಡಿಟ್ಟಿದಾರೆ, ಮಧ್ಯಾಹ್ನ ಬಿಸಿಲಲ್ಲಿ ರೂಮಿಗೆ ಬಂದು ಊಟ ಮಾಡಿ ಮಲಗೆದ್ದು ಆ ಮಾದರಿ ಸುತ್ತ ಅಜ್ಜಿನ ಒಂದು ಸುತ್ತು ಹಾಕ್ಸಿ, ಯಾವ ಬೆಟ್ಟ ಎಲ್ಲಿದೆ ಹೊಳೆ ಎಲ್ಲಿ ತಿರುಗತ್ತೆ ಅಂತ ಅವರಿಗೂ ಗೊತ್ತಾಗತ್ತೆ, ಸಂಜೆ ನೋಡೋದು ಸುಲಭ ಆಗತ್ತೆ. ನಮ್ಮ ಅಪ್ಪ ಅದನ್ನ ನೋಡ್ಕೊಂಡು ತುಂಬಾ ಹೊತ್ತು ನಿಂತಿದ್ರು.

ಸರ್ಕಾರಿ ಹೋಟೆಲ್ಲಲ್ಲಿ ಐಷಾರಾಮ ಹುಡುಕೋಕೆ ಹೋಗ್ಬೇಡಿ, ಅದರ ಬಲ ಬೇರೆ ಕಡೆ ಇದೆ. ರೇಟು ಬೋರ್ಡಲ್ಲಿ ಏನಿದ್ಯೋ ಅದೇ, ಬಿಲ್ಲು ಕೈಗೆ ಸಿಗತ್ತೆ, ಫ್ಯಾಮಿಲಿ ಅಂತ ಮರ್ಯಾದೆ ಇರತ್ತೆ, ಒಬ್ಬ ಹೆಣ್ಣುಮಗಳು ಹೋಗಿ ರೂಮ್ ಕೇಳಿದ್ರೆ ಯಾರೂ ವಿಚಿತ್ರವಾಗಿ ನೋಡಲ್ಲ. ನಿಗಮದ ವೆಬ್‌ಸೈಟಲ್ಲೇ ನೇರ ಬುಕ್ ಮಾಡಿ, ಹಬ್ಬದ ರಜೆ ಉದ್ದ ವೀಕೆಂಡ್ ಆದ್ರೆ ಬಹಳ ಮುಂಚೆನೇ ಮಾಡಿ.

ಕಮಲಾಪುರದಲ್ಲೇ ಇನ್ನೊಂದು ಸರ್ಕಾರಿ ಸಂಸ್ಥೆ ಇದೆ, ಜಂಗಲ್ ಲಾಡ್ಜಸ್. ಇದರ ಲೆಕ್ಕಾನೇ ಬೇರೆ. ಮಯೂರದಲ್ಲಿ ರೂಮಿಗೆ ಬಾಡಿಗೆ, ಇಲ್ಲಿ ತಲೆಗೆ ಇಷ್ಟು ಅಂತ ಪ್ಯಾಕೇಜು, ಅದರಲ್ಲಿ ಊಟ ತಿಂಡಿ, ದರೋಜಿ ಕರಡಿಧಾಮಕ್ಕೆ ಕರ್ಕೊಂಡು ಹೋಗೋದು ಎಲ್ಲಾ ಸೇರಿರತ್ತೆ. 1980ರಲ್ಲಿ ಶುರುವಾಗಿ ಕಬಿನಿಲಿ ಹೆಸರು ಮಾಡಿದ ಸಂಸ್ಥೆ, ಕಾಡು ತೋರ್ಸೋದ್ರಲ್ಲಿ ಅವರಿಗೆ ಅನುಭವ ಇದೆ. ದರೋಜಿಲಿ ಮಧ್ಯಾಹ್ನದ ಮೇಲೆ ಬಂಡೆಗಳಿಗೆ ಬೆಲ್ಲ ಜೇನು ಸೇರಿಸಿದ ಪಾಕ ಸವರಿಟ್ಟಿರ್ತಾರೆ, ಕರಡಿಗಳು ಗುಹೆಯಿಂದ ಇಳಿದು ಬಂದು ನೆಕ್ಕೋದನ್ನ ವಾಚ್‌ಟವರಿಂದ ನೋಡೋದು. ಕರಡಿ ಹಕ್ಕಿ ಅಂತ ಆಸಕ್ತಿ ಇದ್ರೆ ಆ ದುಡ್ಡು ವಸೂಲು. ಬರೀ ದೇವಸ್ಥಾನ ನೋಡೋಕೆ ಬಂದು ದಿನವಿಡೀ ಹೊರಗೇ ಇರೋರಿಗೆ ಅಲ್ಲಿನ ಊಟಕ್ಕೆ ಸಫಾರಿಗೆ ಕೊಟ್ಟ ದುಡ್ಡು ಹಾಗೇ ಹೋಗತ್ತೆ. ನಾಲ್ಕು ಜನ ಇದ್ರೆ ರೂಮ್ ಲೆಕ್ಕದ ಜಾಗ, ತಲೆ ಲೆಕ್ಕದ ಜಾಗ ಎರಡನ್ನೂ ಊಟ ಸೇರಿಸಿ ಕೂಡಿ ನೋಡಿ, ಆಮೇಲೆ ಯಾವುದು ಕಮ್ಮಿ ಅಂತ ಮಾತಾಡೋಣ. ಇನ್ನು ಎವಾಲ್ವ್ ಬ್ಯಾಕ್ ಥರದ ದೊಡ್ಡ ರೆಸಾರ್ಟು, ವಿಜಯನಗರ ಕಾಲದ ಕಮಾನುಗಳ ಥರ ಕಟ್ಟಿರೋದು, ಒಂದು ರಾತ್ರಿಗೆ ಹತ್ತಾರು ಸಾವಿರ. ನಾನು ಉಳ್ಕೊಂಡಿಲ್ಲ ಹಾಗಾಗಿ ಮಾರ್ಕ್ಸ್ ಕೊಡಲ್ಲ.

ಈಗ ಹೊಳೆ ಆಚೆ. ಇಲ್ಲಿ ಜಾಸ್ತಿ ಬರೀಬೇಕು ಯಾಕಂದ್ರೆ ಜಾಸ್ತಿ ಗೊಂದಲ ಇರೋದು ಇಲ್ಲೇ. ಹಳೇ ಬ್ಲಾಗುಗಳಲ್ಲಿ ಹಿಪ್ಪಿ ಐಲ್ಯಾಂಡ್ ಅಂತ ಓದಿ ಈಗ್ಲೂ ಹುಡುಕ್ಕೊಂಡು ಬರೋರಿದಾರೆ. ಅದು ವಿರೂಪಾಪುರ ಗಡ್ಡೆ, ಕೊಪ್ಪಳ ಜಿಲ್ಲೆಗೆ ಸೇರತ್ತೆ. 2020ರ ಫೆಬ್ರವರಿಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಮಾರ್ಚಲ್ಲಿ ಅಲ್ಲಿನ ಗೆಸ್ಟ್‌ಹೌಸು ರೆಸಾರ್ಟುಗಳನ್ನ ಕೆಡವಿ ಹಾಕಿದ್ರು, ಪರಂಪರೆ ಪ್ರದೇಶದೊಳಗೆ ಅನುಮತಿ ಇಲ್ಲದೇ ಕಟ್ಟಿದ್ದು ಅನ್ನೋದು ಕಾರಣ. ಆಮೇಲೆ ಆ ವ್ಯಾಪಾರ ಸಾಣಾಪುರ, ಆನೆಗುಂದಿ, ಅಂಜನಾದ್ರಿ ರಸ್ತೆ ಕಡೆ ಸರಿದುಹೋಯ್ತು. ಜಾಗ ಏನೋ ತುಂಬಾ ಚೆಂದ, ಬಂಡೆ ಬೆಟ್ಟಗಳ ಮಧ್ಯ ಭತ್ತದ ಗದ್ದೆ, ಬಾಳೆತೋಟ, ಕಾಲುವೆ, ಸಾಣಾಪುರ ಕೆರೆ, ಬಂಡೆ ಹತ್ತೋಕೆ ಅಂತಾನೇ ಬೇರೆಬೇರೆ ದೇಶದಿಂದ ಹುಡುಗ್ರು ಬಂದು ವಾರಗಟ್ಟಲೆ ಇರ್ತಾರೆ. ಅವರಿಗೆ ಹಾಸ್ಟೆಲ್ ಥರದ್ದು ಸರಿ, ಒಂದು ಹಾಲಲ್ಲಿ ಎಂಟು ಹತ್ತು ಬೆಡ್ಡು, ಬೆಡ್ಡಿಗೆ ಇಷ್ಟು ಅಂತ ದುಡ್ಡು, ಬಾತ್‌ರೂಮ್ ಕಾಮನ್ನು, ಒಬ್ರೇ ಬಂದೋರಿಗೆ ಜೊತೆ ಸಿಗತ್ತೆ. ಲಾಕರ್ ಇದ್ಯಾ, ಹೆಣ್ಣುಮಕ್ಕಳಿಗೆ ಬೇರೆ ಡಾರ್ಮ್ ಇದ್ಯಾ ಕೇಳ್ಕೊಂಡು ಹೋಗಿ ಅಷ್ಟೆ.

ಹೋಮ್‌ಸ್ಟೇ ವಿಷಯಕ್ಕೆ ಬಂದ್ರೆ ಇಲ್ಲಿ ಎರಡು ಥರ ಇದೆ. ಆನೆಗುಂದಿ ಊರೊಳಗೆ ಹಳೇ ಮನೆಗಳಲ್ಲಿ ಮನೆಯವರೇ ಇದ್ದು ಒಂದೆರಡು ರೂಮ್ ಕೊಡೋದು ಒಂದು ಥರ, ಅಲ್ಲಿ ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಅಂತ ಮನೆಯೋರು ಏನು ತಿಂತಾರೋ ಅದನ್ನೇ ಬಡಿಸ್ತಾರೆ, ಊರಿನ ವಿಷಯ ಹೇಳ್ತಾರೆ, ಬೆಳಗ್ಗೆ ತಳವಾರಘಟ್ಟದ ಕಡೆ ದೋಣಿ ಯಾವಾಗ ಸಿಗತ್ತೆ ಅಂತ ಅವರಿಗೆ ಗೊತ್ತಿರತ್ತೆ. ಈ ಥರದ್ದು ಸಿಕ್ರೆ ಬೇರೆ ಏನೂ ನೋಡ್ಬೇಡಿ. ಇನ್ನೊಂದು ಥರ, ಗದ್ದೆ ಮಧ್ಯ ಹತ್ತು ಹನ್ನೆರಡು ಕಾಟೇಜ್ ಸಾಲಾಗಿ ಕಟ್ಟಿ ಗೇಟಿಗೆ ಹೋಮ್‌ಸ್ಟೇ ಅಂತ ಬೋರ್ಡ್ ಹಾಕಿರೋದು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಸ್ಕೀಮ್ ಪ್ರಕಾರ ಮಾಲೀಕರ ಕುಟುಂಬ ಅದೇ ಮನೇಲಿ ವಾಸ ಇರ್ಬೇಕು, ಬಾಡಿಗೆಗೆ ಕೊಡೋ ರೂಮು ಆರು ದಾಟಬಾರ್ದು, ನೋಡಿ ಪರೀಕ್ಷೆ ಮಾಡಿ ಸಿಲ್ವರ್ ಗೋಲ್ಡ್ ಅಂತ ದರ್ಜೆ ಕೊಡ್ತಾರೆ. ಇಂಥ ಕಾಟೇಜ್ ಸಾಲಿನ ಒಂದು ಕಡೆ ನಾನು ಫ್ರೆಂಡ್ಸ್ ಜೊತೆ ಹೋಗಿದ್ದಾಗ ಸಂಜೆ ಆರಾದ್ಮೇಲೆ ಇಡೀ ಜಾಗಕ್ಕೆ ಇದ್ದಿದ್ದು ಒಬ್ಬ ಹುಡುಗ, ಕೆಲಸಕ್ಕೆ ಅಂತ ಬೇರೆ ರಾಜ್ಯದಿಂದ ಬಂದೋನು, ಪಾಪ ಅವನಿಗೆ ಹತ್ರದ ಆಸ್ಪತ್ರೆ ಎಲ್ಲಿದೆ ಅಂತಾನೂ ಗೊತ್ತಿರ್ಲಿಲ್ಲ, ಮಾಲೀಕರ ಫೋನ್ ಸ್ವಿಚ್ಡ್ ಆಫ್, ಗೇಟಿಂದ ಮೇನ್ ರೋಡ್‌ವರೆಗೆ ಒಂದು ಲೈಟ್ ಇಲ್ಲ. ರೂಮ್ ಮಾತ್ರ ಆಪಲ್ಲಿ ತೋರ್ಸಿದ್ದಕ್ಕಿಂತಾನೂ ಚೆನ್ನಾಗಿತ್ತು. ಅದಕ್ಕೇ ಹೇಳ್ತಿರೋದು ರೂಮ್ ಫೋಟೋ ನೋಡಿ ತೀರ್ಮಾನ ಮಾಡ್ಬೇಡಿ ಅಂತ.

2025ರ ಮಾರ್ಚಲ್ಲಿ ಸಾಣಾಪುರದ ಕಾಲುವೆ ಹತ್ರ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ನಡೆದ ದೌರ್ಜನ್ಯ, ಆ ಕೊಲೆ, ನಮ್ಮ ನಾಡಿಗೇ ತಲೆ ತಗ್ಗಿಸೋ ವಿಷಯ. ಆವತ್ತಿಂದ ನಾನು ಆ ಕಡೆ ಹೋಗೋರಿಗೆಲ್ಲಾ ಹೇಳೋದು ಒಂದೇ, ನೋಂದಣಿ ಇರೋ ಜಾಗದಲ್ಲೇ ಉಳ್ಕೊಳ್ಳಿ, ಪ್ರವಾಸೋದ್ಯಮ ಇಲಾಖೆ ಸರ್ಟಿಫಿಕೇಟ್ ಇದ್ಯಾ ಅಂತ ವಾಟ್ಸಾಪಲ್ಲಿ ಫೋಟೋ ಕಳ್ಸೋಕೆ ಹೇಳಿ, ಮಾಲೀಕರು ರಾತ್ರಿ ಅಲ್ಲೇ ಇರ್ತಾರಾ ಕೇಳಿ, ಕತ್ತಲಾದ ಮೇಲೆ ನಕ್ಷತ್ರ ನೋಡೋಕೆ ಕರ್ಕೊಂಡು ಹೋಗ್ತೀವಿ ಅಂದ್ರೆ ಜಾಗ ಯಾವುದು, ಜೊತೆಗೆ ಎಷ್ಟು ಜನ ಊರಿನೋರು ಬರ್ತಾರೆ ಅಂತ ಕೇಳದೇ ಹೊರಡ್ಬೇಡಿ. ಇದನ್ನ ಕೇಳಿದ್ರೆ ಒಳ್ಳೆ ಮಾಲೀಕರು ಬೇಜಾರು ಮಾಡ್ಕೊಳ್ಳಲ್ಲ, ಖುಷಿಯಿಂದ ಹೇಳ್ತಾರೆ. ಕೆಟ್ಟ ಹೆಸರು ಬಂದ್ರೆ ಹೊಟ್ಟೆ ಮೇಲೆ ಹೊಡೆತ ಬೀಳೋದು ಮೊದ್ಲು ಅವರಿಗೇ.

ಹೊಳೆ ಆಚೆ ಉಳ್ಕೊಂಡ್ರೆ ಓಡಾಟದ ಲೆಕ್ಕಾನೂ ಗೊತ್ತಿರ್ಲಿ. ವಿರೂಪಾಕ್ಷ ದೇವಸ್ಥಾನದ ಕಡೆಯಿಂದ ಇರೋ ದೋಣಿ ಸಂಜೆ ಆರರ ಆಸುಪಾಸಿಗೆ ನಿಂತುಹೋಗತ್ತೆ, ಅಂದ್ರೆ ಹೇಮಕೂಟದ ಸೂರ್ಯಾಸ್ತ ನೋಡಿ ದೋಣಿ ಹಿಡಿಯೋದು ಆಗದ ಮಾತು. ಡ್ಯಾಮಿಂದ ನೀರು ಬಿಟ್ರೆ ದೋಣಿ, ತೆಪ್ಪ ಎರಡೂ ಬಂದ್. ಆಗ ಬುಕ್ಕಸಾಗರ ಕಡೆಬಾಗಿಲು ಸೇತುವೆ ಮೇಲಿಂದ ಸುತ್ತು ಹಾಕ್ಕೊಂಡು ಬರ್ಬೇಕು, ಕಣ್ಣೆದುರಿಗೇ ಕಾಣೋ ಗೋಪುರಕ್ಕೆ ಮುಕ್ಕಾಲು ಗಂಟೆ ಒಂದು ಗಂಟೆ ಗಾಡೀಲಿ ಕೂರ್ಬೇಕು. ಹಾಗಾಗಿ ಮಳೆಗಾಲದಲ್ಲಿ ಜುಲೈ ಆಗಸ್ಟ್ ಹೊತ್ತಿಗೆ ಹೋಗೋರು ಹಂಪಿ ನೋಡ್ಬೇಕು ಅಂದ್ರೆ ಈಚೆ ದಡದಲ್ಲೇ ಉಳ್ಕೊಳ್ಳಿ. ಅಂಜನಾದ್ರಿ ಹತ್ತಬೇಕು, ಪಂಪಾಸರೋವರ ನೋಡ್ಬೇಕು ಅಂತಿರೋರು ಒಂದು ರಾತ್ರಿ ಆಚೆ ಇಟ್ಕೊಳ್ಳಿ, 575 ಮೆಟ್ಟಿಲು, ಬೆಳಗ್ಗೆ ಬೇಗ ಹತ್ತಿದ್ರೆ ಸುಲಭ, ಶನಿವಾರ ಮಾತ್ರ ಜನವೋ ಜನ.

ಧರ್ಮಸ್ಥಳ, ಮಂತ್ರಾಲಯದ ಥರ ಕ್ಷೇತ್ರದ ವಸತಿಗೃಹದಲ್ಲಿ ಉಳ್ಕೊಂಡು ಅಭ್ಯಾಸ ಇರೋರು ಹಂಪಿಲೂ ಅದೇ ಥರ ಸಿಗತ್ತೆ ಅಂತ ಬರ್ತಾರೆ. ಧರ್ಮಸ್ಥಳದಲ್ಲಿ ಕ್ಷೇತ್ರದವರೇ ನೇತ್ರಾವತಿ, ವೈಶಾಲಿ ಅಂತ ದೊಡ್ಡ ದೊಡ್ಡ ವಸತಿಗೃಹ ಕಟ್ಟಿ ಕಮ್ಮಿ ದುಡ್ಡಿಗೆ ರೂಮ್ ಕೊಟ್ಟು ಊಟಾನೂ ಹಾಕ್ತಾರೆ, ಅದು ವ್ಯಾಪಾರ ಅಲ್ಲ ಸೇವೆ, ಅಷ್ಟು ದೊಡ್ಡ ವ್ಯವಸ್ಥೆ ಹಂಪಿಲಿ ಇಲ್ಲ, ಸಿಗಬಹುದು ಅಂತ ರಾತ್ರಿ ಹೊತ್ತು ಬಂದಿಳೀಬೇಡಿ. ಸರ್ಕಾರಿ ಪ್ರವಾಸಿ ಮಂದಿರ ಇರತ್ತೆ, ಆದ್ರೆ ಅಲ್ಲಿ ಮೊದಲ ಹಕ್ಕು ಅಧಿಕಾರಿಗಳಿಗೆ, ಬುಕ್ ಆಗಿದ್ರೂ ಯಾರೋ ದೊಡ್ಡವ್ರು ಬಂದ್ರೆ ಖಾಲಿ ಮಾಡ್ಬೇಕಾಗತ್ತೆ, ಮಕ್ಕಳು ಮರಿ ಕಟ್ಕೊಂಡು ಹೋಗೋರು ಅದನ್ನ ನಂಬ್ಕೋಬೇಡಿ.

ದುಡ್ಡಿನ ವಿಷಯ ಒಂದಿಷ್ಟು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್ ಆಗಿದೆ, ಮುಂಚೆ 12 ಇತ್ತು, 7500 ದಾಟಿದ್ರೆ 18. ಹಂಪಿ ಸುತ್ತ ನಮ್ಮಂಥೋರು ತಗೊಳ್ಳೋ ರೂಮುಗಳೆಲ್ಲಾ 5ರೊಳಗೇ ಬರತ್ತೆ, ಹಳೇ ರೇಟಲ್ಲಿ 12 ಸೇರ್ಸಿ ಬಿಲ್ ಕೊಟ್ರೆ ಕೇಳಿ. ಸಣ್ಣ ಗೆಸ್ಟ್‌ಹೌಸು, ಮನೆಗಳು ಎಷ್ಟೋ ಜಿಎಸ್‌ಟಿ ನೋಂದಣಿನೇ ಇಲ್ಲದಷ್ಟು ಚಿಕ್ಕವು, ಅವು ಟ್ಯಾಕ್ಸ್ ಹಾಕೋ ಹಾಗೇ ಇಲ್ಲ, ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಇಲ್ಲದೇ ಟ್ಯಾಕ್ಸ್ ಅಂತ ಬರೆದಿದ್ರೆ ಕೊಡ್ಬೇಡಿ. ಗೆಸ್ಟ್‌ಹೌಸಿಗೆ ಆದಷ್ಟು ನೇರ ಫೋನ್ ಮಾಡಿ ಬುಕ್ ಮಾಡಿ, ಆಪ್‌ನೋರಿಗೆ ಹೋಗೋ ಕಮಿಷನ್ ಉಳಿಯತ್ತೆ, ಅದರಲ್ಲಿ ಸ್ವಲ್ಪ ನಿಮಗೂ ಬಿಡ್ತಾರೆ. ಐಡಿ ಎಲ್ಲಾ ಕಡೆ ಕೇಳ್ತಾರೆ, ಆಧಾರ್ ಕೊಡೋದಾದ್ರೆ ನಂಬರ್ ಮರೆಮಾಡಿರೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೊಂಡು ಹೋಗಿ. ಮದ್ವೆ ಆಗದ ಜೋಡಿಗೆ ರೂಮ್ ಕೊಡಬಾರ್ದು ಅಂತ ಯಾವ ಕಾನೂನೂ ಇಲ್ಲ ಆದ್ರೂ ಟೌನ್ ಲಾಡ್ಜುಗಳಲ್ಲಿ ಕೊಡಲ್ಲ ಅಂತಾರೆ, ಮುಂಚೆನೇ ಕೇಳಿಟ್ಕೊಳ್ಳಿ. ವಿದೇಶದ ಗೆಳೆಯರನ್ನ ಕರ್ಕೊಂಡು ಹೋಗೋದಾದ್ರೆ ಉಳ್ಕೊಳ್ಳೋ ಜಾಗದೋರು 24 ಗಂಟೆಯೊಳಗೆ ಅವರ ವಿವರಾನ ಸರ್ಕಾರಕ್ಕೆ ಆನ್‌ಲೈನಲ್ಲಿ ತುಂಬ್ಬೇಕು, ಇದನ್ನ ಸಿ ಫಾರ್ಮ್ ಅಂತ ಕರೀತಿದ್ರು, ಲಾಡ್ಜಾದ್ರೂ ಹೋಮ್‌ಸ್ಟೇ ಆದ್ರೂ ಇದು ಕಡ್ಡಾಯ, ಅದೇನು ಅಂತ ಕೇಳೋ ಮಾಲೀಕರ ಹತ್ರ ಬುಕ್ ಮಾಡ್ಬೇಡಿ.

ಆಮೇಲೆ ಡ್ರೈವರ್. ಬೆಂಗಳೂರಿಂದ ಇನ್ನೋವಾ, ಟಿಟಿ ಮಾಡ್ಕೊಂಡು ಹೋಗೋರು ಇದನ್ನ ಕೇಳೋದೇ ಇಲ್ಲ. ರಾತ್ರಿಯೆಲ್ಲಾ ಗಾಡಿ ಓಡ್ಸಿದೋರು ಎಲ್ಲಿ ಮಲಗ್ತಾರೆ? ದೊಡ್ಡ ಹೋಟೆಲ್ಲು, ರೆಸಾರ್ಟುಗಳಲ್ಲಿ ಎಷ್ಟೋ ಕಡೆ ಡ್ರೈವರ್‌ಗಳಿಗೆ ಅಂತ ಡಾರ್ಮಿಟರಿ ಇರತ್ತೆ, ಹಂಪಿ ಓಣಿಯ ಗೆಸ್ಟ್‌ಹೌಸಲ್ಲಿ, ಗದ್ದೆ ಮಧ್ಯದ ಕಾಟೇಜಲ್ಲಿ ಇರಲ್ಲ, ಅವರು ಪಾರ್ಕಿಂಗಲ್ಲಿ ಗಾಡಿ ಗ್ಲಾಸ್ ಇಳಿಸಿ ಸೊಳ್ಳೆ ಕಚ್ಚಿಸ್ಕೊಂಡು ಮಲಗ್ತಾರೆ, ಮಾರನೇ ದಿನ ಅದೇ ಕಣ್ಣಲ್ಲಿ ನಿಮ್ಮನ್ನ ಮುನ್ನೂರೈವತ್ತು ಕಿಲೋಮೀಟರ್ ಕರ್ಕೊಂಡು ಬರ್ತಾರೆ. ಬುಕ್ ಮಾಡೋವಾಗ್ಲೇ ಡ್ರೈವರ್‌ಗೆ ಬೆಡ್ಡು, ಬಾತ್‌ರೂಮು ಇದ್ಯಾ ಅಂತ ಕೇಳಿ, ಇಲ್ಲ ಅಂದ್ರೆ ಪಕ್ಕದಲ್ಲೇ ಒಂದು ಚಿಕ್ಕ ರೂಮ್ ಮಾಡ್ಕೊಡಿ, ನಾಲ್ಕು ಜನ ಹಂಚ್ಕೊಂಡ್ರೆ ತಲೆಗೆ ಇನ್ನೂರು ಮುನ್ನೂರು ಬರತ್ತೆ.